ಎಲೆ ಎತ್ತೋರ ಕಡೆಗೂ ಒಂದು ಲೈಟು

(ಮಂಡ್ಯದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಮೇಡಂ ನನ್ನನ್ನು ‘ಚಲನಚಿತ್ರ ಚಿಂತಕರು’ ಅಂದುಬಿಟ್ಟರು. ನಾನು ಮದುವೆ ವಿಡಿಯೋದವನು. ಮೂವತ್ತು ವರ್ಷದಿಂದ ಮದ್ದೂರು, ಮಳವಳ್ಳಿ, ಪಾಂಡವಪುರ ಅಂತ ಛತ್ರದಿಂದ ಛತ್ರಕ್ಕೆ ಕ್ಯಾಮೆರಾ ಹೊತ್ತುಕೊಂಡು ತಿರುಗಿದವನು. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ನಾನೇ ಮಾಡಿರಬಹುದು. ಗುಲಾಬಿ ಹೂವಿನೊಳಗಿಂದ ಅವರ ಮುಖ ಎದ್ದು ಬರುತ್ತದಲ್ಲ, ಅದು ನನ್ನ ಕೈಚಳಕವೇ ಇರಬಹುದು. ಕ್ಷಮಿಸಿಬಿಡಿ.

ಸಮಾನತೆಯ ಹೋರಾಟಗಳ ಸಾಕ್ಷ್ಯಚಿತ್ರಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಆ ಚಿತ್ರಗಳ ಹುಚ್ಚು ನನಗೆ ಹತ್ತಿದ್ದು ಒಂದು ಮದುವೆ ಕ್ಯಾಸೆಟ್‌ನಿಂದ. ಮೊದಲು ಅದನ್ನು ಹೇಳಿಬಿಡುತ್ತೇನೆ.

ತೊಂಬತ್ತರ ದಶಕ. ವಿಎಚ್‌ಎಸ್ ಕಾಲ. ಆಗ ಲೈಟಿಗೇ ಒಬ್ಬ ಹುಡುಗ ಬೇಕು. ಅವನು ಲೈಟ್ ಹಿಡಿದ ಕಡೆಯಷ್ಟೇ ಮದುವೆ, ಮಿಕ್ಕಿದ್ದೆಲ್ಲ ಕತ್ತಲೆ. ಪಂಕ್ತಿಯ ಸಾಲು ತೆಗೆಯುವಾಗ ಹುಡುಗನಿಗೆ ನನ್ನದೊಂದು ಖಾಯಂ ಮಾತಿತ್ತು: ‘ಆ ಕಡೆ ಬಿಡಬೇಡ ಕಣೋ ಲೈಟ್ನ.’ ಆ ಕಡೆ ಅಂದರೆ ಎಂಜಲೆಲೆ ಎತ್ತುವವರು, ಪಾತ್ರೆ ಉಜ್ಜುವವರು, ತಮಟೆ ಕೆಳಗಿಟ್ಟು ಗೋಡೆ ಪಕ್ಕ ಕೂತು ಕಾಯುವವರು. ಮನೆಯವರು ಹೀಗೆ ಮಾಡು ಅಂತ ಒಂದು ದಿನವೂ ಹೇಳಿರಲಿಲ್ಲ. ನನಗೇ ಗೊತ್ತಿತ್ತು. ಯಾರೂ ಹೇಳಿಕೊಡದೆ ಇಂಥದ್ದು ಹೇಗೆ ಗೊತ್ತಾಗುತ್ತದೆ ಅನ್ನೋದೇ ಒಂದು ದೊಡ್ಡ ಸಾಕ್ಷ್ಯಚಿತ್ರದ ವಿಷಯ.

ಒಂದು ಮದುವೆ ಆಗಿ ತಿಂಗಳಾಗಿತ್ತು. ಅಂಗಡಿ ಬಾಗಿಲಲ್ಲಿ ಒಬ್ಬಾಕೆ ಬಂದು ನಿಂತರು. ನನ್ನ ಅಮ್ಮನ ವಯಸ್ಸು. ಒಳಗೆ ಬನ್ನಿ ಅಂದರೂ ಬರಲಿಲ್ಲ. ‘ಬುದ್ಧಿ, ಆ ಮದ್ವೆ ಕ್ಯಾಸೆಟ್ನಲ್ಲಿ ನಾ ಎಲ್ಲಾರ ಬಂದಿವ್ನಾ?’ ಅಂತ ಕೇಳಿದರು. ಎಲೆ ಎತ್ತಲು ಬಂದಿದ್ದವರು. ಅವತ್ತು ಅವರು ಹೊಸ ಸೀರೆ ಉಟ್ಟಿದ್ದರಂತೆ. ಕ್ಯಾಸೆಟ್ ಹಾಕಿ ಓಡಿಸಿ ನೋಡಿದೆ. ಮೂರು ಗಂಟೆಯ ಟೇಪಿನಲ್ಲಿ ಅವರದ್ದು ಒಂದು ಮೊಣಕೈ ಇತ್ತು. ಒಂದು ಸೆಕೆಂಡು, ಜಾಸ್ತಿ ಅಂದರೆ ಎರಡು. ಆಮೇಲೆ ಲೈಟ್ ಈ ಕಡೆ ತಿರುಗಿಬಿಟ್ಟಿತ್ತು.

ಅದನ್ನೇ ತೋರಿಸಿದೆ. ‘ಅದು ನಂದೇ ಕೈ’ ಅಂತ ನಕ್ಕು ಹೊರಟುಹೋದರು.

ಅಲ್ಲಿಂದ ಮುಂದೆ ಯಾವ ಚಿತ್ರ ನೋಡಿದರೂ ನಾನು ಮೊದಲು ನೋಡುವುದು ಲೈಟ್ ಯಾವ ಕಡೆ ತಿರುಗಿದೆ, ಎಷ್ಟು ಹೊತ್ತು ಅಲ್ಲೇ ನಿಂತಿದೆ ಅನ್ನೋದನ್ನ. ಇವತ್ತು ನನ್ನ ಹತ್ತಿರ ಹೇಳೋಕೆ ಇರೋದೂ ಇಷ್ಟೇ.

ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆ ‘ಐಸ್ ಆನ್ ದ ಪ್ರೈಜ್’ ಅಂತ ಒಂದು ಸರಣಿ ಇದೆ. ಒಟ್ಟು 14 ಕಂತು. ಮೊದಲ ಆರು 1987ರಲ್ಲಿ ಅಲ್ಲಿನ ಸಾರ್ವಜನಿಕ ಟೀವಿಯಲ್ಲಿ ಬಂದವು, ಉಳಿದ ಎಂಟು 1990ರಲ್ಲಿ. ಮಾಡಿಸಿದವರು ಹೆನ್ರಿ ಹ್ಯಾಂಪ್ಟನ್. ಚಿಕ್ಕ ವಯಸ್ಸಿನಲ್ಲಿ ಪೋಲಿಯೊ ಆಗಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದ ಮನುಷ್ಯ. 1965ರಲ್ಲಿ ಸೆಲ್ಮಾ ಅನ್ನೋ ಊರಿನ ಮೆರವಣಿಗೆಗೆ ತಾವೇ ಹೋಗಿದ್ದರು. ಇದು ಸಿನಿಮಾ ಆಗಬೇಕು ಅಂತ ಅವತ್ತೇ ಅನ್ನಿಸಿತ್ತಂತೆ. ಆಗಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು. ನಡುವೆ ಒಂದು ಸಲ ಶುರುಮಾಡಿ ಕೈಸುಟ್ಟುಕೊಂಡಿದ್ದೂ ಉಂಟು.

ಸರಣಿಯ ಮೊದಲ ಕಂತಿನಲ್ಲೇ ಎಮ್ಮೆಟ್ ಟಿಲ್ ಬರುತ್ತಾನೆ. 14 ವರ್ಷದ ಹುಡುಗ. 1955ರ ಆಗಸ್ಟ್‌ನಲ್ಲಿ ಶಿಕಾಗೊದಿಂದ ಮಿಸಿಸಿಪ್ಪಿಯ ನೆಂಟರ ಮನೆಗೆ ರಜೆಗೆ ಹೋಗಿದ್ದ. ಬಿಳಿಯ ಹೆಂಗಸಿನ ಹತ್ತಿರ ಹೇಗೋ ನಡೆದುಕೊಂಡ ಅಂತ ರಾತ್ರಿ ಎಬ್ಬಿಸಿಕೊಂಡು ಹೋಗಿ ಕೊಂದು ನದಿಗೆ ಎಸೆದರು. ಹೆಣ ಊರಿಗೆ ಬಂದಾಗ ಮುಖ ಗುರುತು ಸಿಗುವ ಹಾಗಿರಲಿಲ್ಲ. ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ಏನು ಮಾಡಿದ್ದಾರೆ ಅಂತ ಜನ ನೋಡಲಿ ಅಂದರು. ಸಾವಿರಾರು ಜನ ಸಾಲಾಗಿ ಬಂದು ನೋಡಿದರು. ಕಪ್ಪು ಜನರ ‘ಜೆಟ್’ ಪತ್ರಿಕೆ ಆ ಮುಖದ ಫೋಟೊ ಹಾಕಿತು. ಲೈಟನ್ನು ಆ ಕಡೆ ತಿರುಗಿಸು ಅಂತ ಹೇಳಿದ್ದು, ನೋಡಿ, ಒಬ್ಬ ತಾಯಿ.

ಹುಡುಗನ ಮುದುಕ ನೆಂಟ ಮೋಸ್ ರೈಟ್ ಕೋರ್ಟಿನಲ್ಲಿ ಎದ್ದು ನಿಂತು ಆರೋಪಿಗಳ ಕಡೆ ಬೆರಳು ತೋರಿಸಿದ. ಆ ಕಾಲದ ಮಿಸಿಸಿಪ್ಪಿಯಲ್ಲಿ ಕಪ್ಪು ಮನುಷ್ಯ ಬಿಳಿಯನತ್ತ ಬೆರಳು ಮಾಡುವುದು ಅಂದರೆ ಜೀವದ ಆಸೆ ಬಿಟ್ಟ ಹಾಗೆ. ಕೋರ್ಟಿನೊಳಗೆ ಕದ್ದು ತೆಗೆದ ಒಂದು ಫೋಟೊದಲ್ಲಿ ಆ ಬೆರಳು ಇದೆ. ಜ್ಯೂರಿಯಲ್ಲಿ ಕೂತವರೆಲ್ಲ ಬಿಳಿಯ ಗಂಡಸರು. ಒಂದು ಗಂಟೆ ಸುಮಾರಿಗೆ ಬಿಡುಗಡೆ ಅಂತ ತೀರ್ಮಾನ ಕೊಟ್ಟರು. ಮುಂದಿನ ವರ್ಷ ಅದೇ ಇಬ್ಬರು ಆರೋಪಿಗಳು ಒಂದು ಪತ್ರಿಕೆಯಿಂದ ದುಡ್ಡು ತೆಗೆದುಕೊಂಡು, ಹೌದು ನಾವೇ ಕೊಂದಿದ್ದು ಅಂತ ಹೇಳಿಕೊಂಡರು.

ಹ್ಯಾಂಪ್ಟನ್ ಅವರದ್ದು ಒಂದು ನಿಯಮ ಇತ್ತು. ಅಲ್ಲಿ ಇದ್ದವರು ಮಾತ್ರ ಮಾತಾಡಬೇಕು. ಪ್ರೊಫೆಸರು ಕುರ್ಚಿಯಲ್ಲಿ ಕೂತು ‘ಈ ಘಟನೆಯ ಮಹತ್ವವೇನೆಂದರೆ’ ಅನ್ನುವ ಹಾಗಿಲ್ಲ. ಎದುರುಗಡೆ ಪ್ರೊಫೆಸರುಗಳು ಕೂತಿದ್ದೀರಿ, ಬೇಜಾರು ಮಾಡ್ಕೋಬೇಡಿ. ಮೆರವಣಿಗೆಯಲ್ಲಿ ನಡೆದವರು, ಜೈಲಿಗೆ ಹೋದವರು, ಅವರನ್ನು ತಡೆದ ಅಧಿಕಾರಿಗಳು ಕೂಡ ಮಾತಾಡುತ್ತಾರೆ. ಎದುರಾಳಿಯನ್ನೂ ಕೂರಿಸಿ ಕೇಳಿದ್ದು ನನಗೆ ತುಂಬ ಹಿಡಿಸಿತು. ಇನ್ನೊಂದು, ಪ್ರತಿ ಕಂತಿನ ತಂಡದಲ್ಲೂ ಕಪ್ಪು ಬಿಳಿ ಇಬ್ಬರೂ ಸೇರಿ ಕೆಲಸ ಮಾಡಬೇಕು ಅಂತ ಮಾಡಿದ್ದರು. ಎಡಿಟಿಂಗ್ ಟೇಬಲ್ಲಿನ ಮುಂದೆ ಸಾಕಷ್ಟು ಜಗಳ ಆಗಿರುತ್ತದೆ. ಆಗಬೇಕು.

ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ನಿಮಗೆ ಗೊತ್ತಿರುತ್ತದೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಹೆಂಗಸು ಬಿಳಿಯನಿಗೆ ಸೀಟು ಬಿಡಲಿಲ್ಲ. ಆಮೇಲೆ 381 ದಿನ ಜನ ಬಸ್ ಹತ್ತಲಿಲ್ಲ. ನಮ್ಮ ಪಾಠದ ಪುಸ್ತಕದಲ್ಲಿ ಇಷ್ಟೇ, ಕೊನೆಗೆ ಮಾರ್ಟಿನ್ ಲೂಥರ್ ಕಿಂಗ್ ಫೋಟೊ. ಆದರೆ ಬಸ್ ಹತ್ತಬೇಡಿ ಅನ್ನೋ ಕರಪತ್ರ ಬಂದಿದ್ದು ಎಲ್ಲಿಂದ? ಜೋ ಆನ್ ರಾಬಿನ್ಸನ್ ಅನ್ನೋ ಕಾಲೇಜು ಮೇಡಂ ಅವತ್ತು ರಾತ್ರಿ ತಮ್ಮ ಕಾಲೇಜಿನ ಯಂತ್ರದಲ್ಲಿ ಬೆಳಗಿನವರೆಗೆ ಸಾವಿರಾರು ಪ್ರತಿ ತೆಗೆದರು. ನಮ್ಮಲ್ಲಿ ಸೈಕ್ಲೋಸ್ಟೈಲ್ ಅಂತಿದ್ವಲ್ಲ, ಆ ಥರದ್ದು. ಬೆಳಿಗ್ಗೆ ಕ್ಲಾಸೂ ತೆಗೆದುಕೊಂಡರು. ವರ್ಷದ ಮೇಲೆ ನಡೆದು ನಡೆದು ಚಪ್ಪಲಿ ಸವೆಸಿದವರಲ್ಲಿ ಬಿಳಿಯರ ಮನೆಯಲ್ಲಿ ಅಡುಗೆ, ಕಸಮುಸುರೆ ಮಾಡುತ್ತಿದ್ದ ಹೆಂಗಸರೇ ಜಾಸ್ತಿ. ಅಂಥವರ ಕಡೆಗೆ ಲೈಟು ತಿರುಗಬೇಕಾದರೆ ಕ್ಯಾಮೆರಾ ಅಲ್ಲಿಗೆ ಎರಡನೇ ಸಲ ಹೋಗಬೇಕು. ಮೊದಲ ಸಲ ಹೋದವರಿಗೆ ಕಾಣುವುದು ಮೈಕ್ ಮುಂದೆ ನಿಂತವರೇ.

ಸುದ್ದಿಯ ಕ್ಯಾಮೆರಾ ಏನೂ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆ ಮೇಲೆ, ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟಿದ್ದ ಸುಮಾರು 600 ಜನರನ್ನು ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಬಡಿದರು. ಅವತ್ತು ರಾತ್ರಿ ಎಬಿಸಿ ಚಾನೆಲ್ಲು ನಾಜಿಗಳ ವಿಚಾರಣೆಯ ಕಥೆ ಇರುವ ಸಿನಿಮಾ ಹಾಕಿತ್ತು. ಅದನ್ನು ನಡುವೆ ನಿಲ್ಲಿಸಿ ಸೆಲ್ಮಾದ ದೃಶ್ಯ ತೋರಿಸಿದರು. ಜರ್ಮನಿಯಲ್ಲಿ ಹೀಗೂ ನಡೆದಿತ್ತಾ ಅಂತ ನೋಡುತ್ತಾ ಕೂತವರ ಮುಂದೆ ಅವರದ್ದೇ ದೇಶದ ಪೊಲೀಸರು ಬಂದು ನಿಂತರು. ಅದೇ ವರ್ಷ ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾನೂನಿಗೆ ಸಹಿ ಬಿತ್ತು. ಸುದ್ದಿಯವರ ರೀಲು ಇಲ್ಲದಿದ್ದರೆ ಹ್ಯಾಂಪ್ಟನ್ ಅವರ ಸರಣಿಯೂ ಇಲ್ಲ.

ಆದರೆ ಆ ರೀಲು ಯಾರ ಕಪಾಟಿನಲ್ಲಿರುತ್ತದೆ? ಇದು ಅಂಗಡಿಯವನಾದ ನನಗೆ ಬರುವ ಪ್ರಶ್ನೆ. ಸುದ್ದಿ ಚಾನೆಲ್ಲುಗಳ ದೃಶ್ಯ, ಹೋರಾಟದ ಹಾಡು, ಎಲ್ಲಕ್ಕೂ ದುಡ್ಡು ಕಟ್ಟಿ ಇಂತಿಷ್ಟು ವರ್ಷ ಅಂತ ಅನುಮತಿ ತೆಗೆದುಕೊಂಡಿದ್ದರು. ತೊಂಬತ್ತರ ದಶಕದಲ್ಲಿ ಆ ಅವಧಿ ಮುಗಿಯಿತು. ಮತ್ತೆ ಕಟ್ಟಲು ದುಡ್ಡಿಲ್ಲ. ಕಿಂಗ್ ಅವರ ಹುಟ್ಟುಹಬ್ಬಕ್ಕೆ ಜೊತೆಗಾರರು ಹ್ಯಾಪಿ ಬರ್ತ್‌ಡೇ ಹಾಡುವ ದೃಶ್ಯವಿದೆ. ಆ ಹಾಡಿನ ಮೇಲೂ ಆಗ ಒಂದು ಕಂಪನಿಯ ಹಕ್ಕು ಇತ್ತು! ಅಷ್ಟು ದೊಡ್ಡ ಹೋರಾಟದ ಚಿತ್ರ ಹತ್ತು ವರ್ಷದ ಹತ್ತಿರ ಟೀವಿಯಲ್ಲಿ ಬರಲೇ ಇಲ್ಲ. ಕೊನೆಗೆ ದಾನಿಗಳು ದುಡ್ಡು ಕೊಟ್ಟು 2006ರಲ್ಲಿ ಮತ್ತೆ ಬಂತು. ಅಷ್ಟರಲ್ಲಿ ಹ್ಯಾಂಪ್ಟನ್ ಇರಲಿಲ್ಲ. 1998ರಲ್ಲೇ ತೀರಿಕೊಂಡಿದ್ದರು.

ಈಗ ನಮ್ಮ ಕಡೆಗೆ ಬರೋಣ. ಮುಂಬೈನ ಘಾಟ್‌ಕೋಪರ್‌ನಲ್ಲಿ ರಮಾಬಾಯಿ ನಗರ ಅಂತ ಒಂದು ದಲಿತರ ಕೇರಿ. 1997ರ ಜುಲೈ 11ರ ಬೆಳಿಗ್ಗೆ ಅಲ್ಲಿನ ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಜನ ಬೀದಿಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. 10 ಜನ ಸತ್ತರು. ಕೆಲವೇ ದಿನದಲ್ಲಿ ವಿಲಾಸ್ ಘೋಗ್ರೆ ಅನ್ನೋ ಹಾಡುಗಾರ ಆ ನೋವು ತಡೆಯಲಾರದೆ ಜೀವ ಕಳೆದುಕೊಂಡರು. ನಿರ್ದೇಶಕ ಆನಂದ್ ಪಟವರ್ಧನ್ ಅವರಿಗೆ ಘೋಗ್ರೆ ಹಳೆಯ ಪರಿಚಯ. ಕೊಳೆಗೇರಿ ಕೆಡವುವುದರ ಬಗ್ಗೆ 1985ರಲ್ಲಿ ಮಾಡಿದ ಚಿತ್ರದಲ್ಲಿ ಅವರು ಹಾಡಿದ್ದರು. ಆ ಹಾಡುಗಾರ ಯಾಕೆ ಹೋದ ಅಂತ ಹುಡುಕುತ್ತಾ ಹೊರಟವರು ‘ಜೈ ಭೀಮ್ ಕಾಮ್ರೇಡ್’ ಮುಗಿಸುವ ಹೊತ್ತಿಗೆ 14 ವರ್ಷ ಆಗಿತ್ತು.

ಹದಿನಾಲ್ಕು ವರ್ಷ! ರಾಮನ ವನವಾಸ ಮುಗಿಯುವಷ್ಟು ಕಾಲ. ಅಷ್ಟು ದಿನ ಯಾಕೆ ಬೇಕು ಅಂದರೆ, ಕೇಸು ನಡೆಯುತ್ತಾ ಇತ್ತು. ಪೊಲೀಸ್ ಅಧಿಕಾರಿಗೆ ಶಿಕ್ಷೆ ಅಂತ ಆಗಿದ್ದೇ 2009ರಲ್ಲಿ, ಅದಾದ ಮೇಲೆ ಜಾಮೀನೂ ಸಿಕ್ಕಿತು. ಚುನಾವಣೆ ಬಂತು ಹೋಯಿತು. ಗುಂಡು ಬಿದ್ದ ಕೇರಿಗೇ ಓಟು ಕೇಳಲು ಯಾರು ಯಾರು ಯಾರ ಜೊತೆ ಸೇರಿಕೊಂಡು ಬಂದರು ಅನ್ನೋದನ್ನು ತೋರಿಸಬೇಕಾದರೆ ಅವರು ಬರುವ ತನಕ ಕಾಯಬೇಕು, ಅಲ್ವಾ? ಮೂರು ಗಂಟೆಗಿಂತ ಉದ್ದದ ಚಿತ್ರ. ನಡುವೆ ಸ್ವಲ್ಪ ಕಡಿಮೆ ಮಾಡಬಹುದಿತ್ತು ಅಂತ ನನಗೂ ಅನ್ನಿಸಿದ್ದುಂಟು. ಆದರೆ ಹಾಡುಗಳು ಬಂದಾಗ ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಸುದ್ದಿಯಲ್ಲಿ ದಲಿತರು ಬಂದರೆ ಅಳುತ್ತಲೇ ಬರುತ್ತಾರೆ. ಈ ಚಿತ್ರದಲ್ಲಿ ಅವರು ಹಾಡುತ್ತಾರೆ, ಗೇಲಿ ಮಾಡುತ್ತಾರೆ, ವಾದಕ್ಕೆ ನಿಲ್ಲುತ್ತಾರೆ.

ತಮಿಳುನಾಡಿನ ದಿವ್ಯಾ ಭಾರತಿ 2017ರಲ್ಲಿ ‘ಕಕ್ಕೂಸ್’ ಅಂತ ಚಿತ್ರ ಮಾಡಿದರು. ಹೆಸರಿಗೆ ಅರ್ಥ ಹೇಳಬೇಕಾಗಿಲ್ಲ, ನಮ್ಮ ಅಜ್ಜಂದಿರೂ ಕಕ್ಕಸು ಅಂತಲೇ ಅನ್ನುತ್ತಿದ್ದರು. ಕೈಯಲ್ಲಿ ಮಲ ಬಾಚುವವರ ಬಗ್ಗೆ, ಗುಂಡಿಗೆ ಇಳಿದು ಸತ್ತವರ ಬಗ್ಗೆ. ಹಲವು ಕಡೆ ಪ್ರದರ್ಶನಕ್ಕೆ ಪೊಲೀಸರು ಬಿಡಲಿಲ್ಲ. ಯೂಟ್ಯೂಬಿಗೆ ಹಾಕಿಬಿಟ್ಟರು. ಲಕ್ಷಾಂತರ ಜನ ನೋಡಿದರು. ಆಮೇಲೆ ಅವರ ಮೇಲೆ ಕೇಸು, ಬೆದರಿಕೆ ಎಲ್ಲ ಬಂದವು. ಇದನ್ನು ಊಟಕ್ಕೆ ಮುಂಚೆ ನೋಡಬೇಡಿ ಅಂತ ಒಬ್ಬರು ನನಗೆ ಹೇಳಿದ್ದರು. ಆ ಕೆಲಸ ಮಾಡಿ ಬಂದವರು ಊಟ ಮಾಡುವುದಿಲ್ಲವಾ?

ನಮ್ಮ ಪಕ್ಕದ ಮೈಸೂರನ್ನೇ ತಗೊಳ್ಳಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲ ಸ್ಥಾನ. ಜಂಬೂ ಸವಾರಿಯ ದಿನ ಎಷ್ಟು ಕ್ಯಾಮೆರಾ ಇರುತ್ತವೆ! ಎಲ್ಲವೂ ಅಂಬಾರಿಯ ಮೇಲೆ. ಆನೆ ಸಾಲು ದಾಟಿದ ತಕ್ಷಣ ಪೊರಕೆ ಹಿಡಿದು ರಸ್ತೆಗೆ ಇಳಿಯುವ ಪೌರಕಾರ್ಮಿಕರು ಬರುವಷ್ಟರಲ್ಲಿ ಟೀವಿಯಲ್ಲಿ ಜಾಹೀರಾತು ಬಂದಿರುತ್ತದೆ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲೇ ಕರ್ನಾಟಕದಲ್ಲಿ ನಿಲ್ಲಿಸಿದವರು ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು. ಆದರೆ ಮೈಸೂರಿನ ಜನಕ್ಕೆ ಅವರ ಹೆಸರು ಹೇಳಿದರೆ ನೆನಪಾಗುವುದು 1973ರಲ್ಲಿ ಅದೇ ಊರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ‘ಬೂಸಾ’ ಅಂತ ಅವರು ಆಡಿದ ಮಾತು, ಅದರ ಗಲಾಟೆ, ಅವರ ರಾಜೀನಾಮೆ. ಇಡೀ ದೇಶಕ್ಕೆ ಕಾನೂನು ಬಂದಿದ್ದು 1993ರಲ್ಲಿ, ಇನ್ನೂ ಗಟ್ಟಿಯಾಗಿ 2013ರಲ್ಲಿ. ಗುಂಡಿಯಲ್ಲಿ ಸತ್ತರೆ 10 ಲಕ್ಷ ಪರಿಹಾರ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಅಂದರೇನೇ ಅರ್ಥ ಆಗುತ್ತದಲ್ಲ, ಸಾಯೋದು ನಿಂತಿಲ್ಲ.

ಬರೀ ಹೊಗಳಿದರೆ ನೀವು ನಂಬಲ್ಲ. ಆದ್ದರಿಂದ ಒಂದು ತಕರಾರಿನ ಕಥೆ. ಉತ್ತರ ಪ್ರದೇಶದಲ್ಲಿ ‘ಖಬರ್ ಲಹರಿಯಾ’ ಅಂತ ಹಳ್ಳಿಯ ಹೆಣ್ಣುಮಕ್ಕಳು 2002ರಿಂದ ನಡೆಸುತ್ತಿರುವ ಸುದ್ದಿಸಂಸ್ಥೆ ಇದೆ. ಅವರು ಪತ್ರಿಕೆಯಿಂದ ಮೊಬೈಲ್ ವಿಡಿಯೋಗೆ ಬದಲಾಗುವುದನ್ನು ರಿಂಟು ಥಾಮಸ್, ಸುಷ್ಮಿತ್ ಘೋಷ್ ವರ್ಷಗಟ್ಟಲೆ ಹಿಂದೆ ಬಿದ್ದು ಚಿತ್ರ ಮಾಡಿದರು, ‘ರೈಟಿಂಗ್ ವಿತ್ ಫೈರ್’. 2022ರ ಆಸ್ಕರ್ ಕಣದವರೆಗೂ ಹೋಯಿತು. ದಲಿತ ಹೆಣ್ಣುಮಗಳೊಬ್ಬಳು ಗಣಿ ಮಾಫಿಯಾದವರ ಮುಂದೆ ಮೊಬೈಲ್ ಹಿಡಿದು ಪ್ರಶ್ನೆ ಕೇಳುತ್ತಾಳೆ. ಸುತ್ತ ನಿಂತ ಗಂಡಸರು ಅವಳಿಗೇ ಬುದ್ಧಿ ಹೇಳಲು ಬರುತ್ತಾರೆ. ಅದೆಲ್ಲ ಬಹಳ ಚೆನ್ನಾಗಿದೆ. ಆದರೆ ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಇರುವಾಗ ಖಬರ್ ಲಹರಿಯಾದವರೇ ಹೇಳಿಕೆ ಕೊಟ್ಟರು. ಚಿತ್ರ ಮನಮುಟ್ಟುವ ಹಾಗಿದೆ, ಆದರೆ ನಮ್ಮ ಕೆಲಸದ ಒಂದು ಭಾಗ ಮಾತ್ರ ತೋರಿಸಿದ್ದಾರೆ, ಒಂದೇ ಪಕ್ಷದ ಹಿಂದೆ ಬಿದ್ದವರ ಹಾಗೆ ಕಾಣಿಸಿದ್ದಾರೆ, ಪೂರ್ತಿ ಕಥೆ ಇದಲ್ಲ ಅಂದರು.

ಆಗ ತುಂಬ ಜನಕ್ಕೆ ಕಸಿವಿಸಿ ಆಯಿತು. ನನಗೆ ಒಳಗೊಳಗೇ ಖುಷಿ. ಯಾಕೆ ಅಂದರೆ ಚಿತ್ರದೊಳಗೆ ಇದ್ದವರು ಅಂಗಡಿ ಬಾಗಿಲಿಗೆ ಬಂದು ಕೇಳುತ್ತಿದ್ದಾರೆ. ಈ ಸಲ ಬುದ್ಧಿ ಅಂತ ಕರೆಯದೆ ಕೇಳುತ್ತಿದ್ದಾರೆ. ಚಿತ್ರ ಮಾಡಿದವರು ಎಷ್ಟೇ ಒಳ್ಳೆಯವರಿದ್ದರೂ ಎಡಿಟಿಂಗ್‌ನಲ್ಲಿ ಕತ್ತರಿ ಅವರ ಕೈಯಲ್ಲೇ ಇರುತ್ತದೆ. ಈ ಜಗಳ ನ್ಯಾಯವಾದದ್ದು.

ಕ್ಯಾಮೆರಾವನ್ನೇ ಜನರ ಕೈಗೆ ಕೊಟ್ಟರೆ? ಅದೂ ಆಗಿದೆ. 1970ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್ ರಾಜ್ಯದ ಗುಡ್ಡಗಾಡಿನಲ್ಲಿ ಅಂಗವಿಕಲ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯುತ್ತಿತ್ತು. ಕೆಲವು ಹುಡುಗರು ಹೊಸದಾಗಿ ಬಂದಿದ್ದ ವಿಡಿಯೋ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದರು. ಶಿಬಿರದ ಮಕ್ಕಳ ಕೈಗೇ ಕೊಟ್ಟರು. ಆ ಟೇಪು ಉಳಿದಿದ್ದರಿಂದ 2020ರಲ್ಲಿ ‘ಕ್ರಿಪ್ ಕ್ಯಾಂಪ್’ ಆಯಿತು. ಅದೇ ಶಿಬಿರದ ಜೂಡಿ ಹ್ಯೂಮನ್ ಮುಂತಾದವರು ಅಂಗವಿಕಲರ ಹಕ್ಕಿಗಾಗಿ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಮೂರು ವಾರ ದಾಟಿ ಕೂತುಬಿಟ್ಟರು. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕಿವಿ ಕೇಳದವರು. ಒಳಗಿದ್ದವರಿಗೆ ಊಟ ತಂದುಕೊಟ್ಟವರು ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯ ಕಪ್ಪು ಜನ. ಊಟ ಬಡಿಸಿದವರನ್ನೂ ಮರೆಯದ ಚಿತ್ರ ಅನ್ನೋದಕ್ಕೇ ನನಗೆ ಇದರ ಮೇಲೆ ಒಂದು ಹಿಡಿ ಪ್ರೀತಿ ಜಾಸ್ತಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, ‘ಸರ್, ನಮ್ ಹತ್ರ ಮೊಬೈಲ್ ಒಂದೇ ಇರೋದು. ನಾವೇನ್ ಮಾಡೋದು?’ ಆಗ ಹೇಳಿದ್ದನ್ನೂ ಸೇರಿಸುತ್ತೇನೆ.

ಡ್ರೋನ್ ಬೇಡ. ಅಳುವ ಪಿಟೀಲು ಬೇಡ. ನಿಮ್ಮ ಊರಿನಲ್ಲಿ ಡಿಕ್ಲರೇಷನ್ ಹಾಕಿ ಜಮೀನು ಪಡೆದವರು ಇನ್ನೂ ಒಬ್ಬಿಬ್ಬರು ಇರುತ್ತಾರೆ. 1974ರ ಭೂಸುಧಾರಣೆ ಕಾನೂನು ಬಂದಾಗ ಗೇಣಿದಾರರು ನಂಬರ್ 7 ಫಾರಂ ತುಂಬಿ ಕೊಡಬೇಕಿತ್ತು. ಅದನ್ನು ತುಂಬಿದ್ದು ಯಾರು, ಒಡೆಯರು ಏನಂದರು, ಹಾಕಬೇಡ ಅಂತ ಹೆದರಿಸಿದವರು ಯಾರು, ಹೆದರಿ ಹಾಕದೆ ಉಳಿದವರು ಈಗ ಎಲ್ಲಿದ್ದಾರೆ, ಕೂತು ಕೇಳಿ. ಅವರಿಗೆಲ್ಲ ಎಂಬತ್ತರ ಆಚೆ ಈಚೆ ವಯಸ್ಸು. ಮೊದಲ ದಿನ ಮೊಬೈಲ್ ಹೊರಗೇ ತೆಗೆಯಬೇಡಿ. ಕಾಫಿ ಕುಡಿದು ಬನ್ನಿ. ಎರಡನೇ ಸಲ ಹೋದಾಗ ಕೇಳಿ ತೆಗೆಯಿರಿ. ಕಿಟಕಿ ಅವರ ಬೆನ್ನಿಗೆ ಇರದ ಹಾಗೆ ಕೂರಿಸಿ, ಇಲ್ಲದಿದ್ದರೆ ಮುಖ ಕಪ್ಪಾಗುತ್ತದೆ. ಫ್ಯಾನ್ ಆಫ್ ಮಾಡಿಸಿ. ತೆಗೆದದ್ದನ್ನು ಮೊದಲು ಅವರಿಗೇ ತೋರಿಸಿ. ಫೈಲಿಗೆ ಊರು, ತಾರೀಖು, ಹೆಸರು ಹಾಕಿ ಎರಡು ಕಡೆ ಇಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದೇ ನಿಮ್ಮ ಕಾಪಿ ಅಂದುಕೊಳ್ಳಬೇಡಿ, ಅದು ಕುಗ್ಗಿಸಿಬಿಡುತ್ತದೆ.

ಆಮೇಲೆ ಇನ್ನೊಂದು. ಮನೆಯ ಅಟ್ಟದಲ್ಲಿ ಹಳೇ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಎಸೆಯಬೇಡಿ. ಮದುವೆಯದ್ದಾದರೂ ಸರಿ, ಜಾತ್ರೆ, ರೈತಸಂಘದ ಮೆರವಣಿಗೆ, ಅಂಬೇಡ್ಕರ್ ಜಯಂತಿ, ಯಾವುದಾದರೂ ಸರಿ. ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿದ್ದರೆ ನೀವೇ ಪ್ಲೇಯರಿಗೆ ಹಾಕಲು ಹೋಗಬೇಡಿ, ಹೆಡ್ ಹಾಳಾಗುತ್ತದೆ. ಹಾಗೇ ತಂದುಕೊಡಿ. ನನ್ನ ಅಂಗಡಿಯಲ್ಲಿ ಒಂದು ಪ್ಲೇಯರ್ ಇನ್ನೂ ನಡೆಯುತ್ತಿದೆ. ಭಾನುವಾರ ಮಧ್ಯಾಹ್ನ ಬಿಡುವಿರುತ್ತೇನೆ. ಕಂಪ್ಯೂಟರಿಗೆ ಹಾಕಿಕೊಡುವುದಕ್ಕೆ ದುಡ್ಡು ಬೇಡ, ಜೊತೆಗೆ ಕೂತು ಇದರಲ್ಲಿ ಯಾರು ಯಾರಿದ್ದಾರೆ ಅಂತ ಬರೆಸಬೇಕು ಅಷ್ಟೆ. ಹಿಂದುಗಡೆ ನಿಂತವರ ಹೆಸರೂ ಸೇರಿಸಿ.